ಎನ್‌ಸಿಸಿ ಮಕ್ಕಳ ಬ್ಯಾಡ್ಜು ಉಲ್ಟಾ ಆಗದಿರಲಿ

ಸಂಪಾದಕರೇ,

ಕಾರವಾರದಲ್ಲಿ ನನ್ನದೊಂದು ಚಿಕ್ಕ ಟೇಲರಿಂಗ್ ಅಂಗಡಿ ಇದೆ. ಆಗಸ್ಟ್ 15 ಹತ್ತಿರ ಬಂತೆಂದರೆ ಎನ್‌ಸಿಸಿ (ರಾಷ್ಟ್ರೀಯ ಕೆಡೆಟ್ ದಳ) ಮಕ್ಕಳು ಮಳೆಯಲ್ಲೇ ಯೂನಿಫಾರ್ಮ್ ಹಿಡಿದುಕೊಂಡು ಬರುತ್ತಾರೆ. ಒಬ್ಬನಿಗೆ ಪ್ಯಾಂಟ್ ಉದ್ದ, ಇನ್ನೊಬ್ಬಳಿಗೆ ತೋಳಿನ ಪಟ್ಟಿ ಹೊಲಿಯಬೇಕು, ಎಲ್ಲರಿಗೂ ನಾಳೆಯೇ ಬೇಕು. ನಾನೂ ಶಾಲೆಯಲ್ಲಿ ಕೆಡೆಟ್ ಆಗಿದ್ದವನು, ಹಾಗಾಗಿ ಈ ಕೆಲಸ ನನಗೆ ಇಷ್ಟ.

ಈ ಸಲ ಒಬ್ಬ ಹುಡುಗ ಪೇಟೆಯಿಂದ ಕೊಂಡ ಬ್ಯಾಡ್ಜ್ ತಂದ. ನೋಡಿದರೆ ತಿಳಿನೀಲಿ ಮೊದಲು, ಕೆಂಪು ಕೊನೆಗೆ! ಹೊಲಿಯಲು ಮನಸ್ಸೇ ಬರಲಿಲ್ಲ. ಕೆಂಪು ಮೊದಲು ಬರಬೇಕಲ್ವಾ ಅಂದೆ. ‘ಯಾಕೆ ಅಂಕಲ್, ಮೂರು ಬಣ್ಣ ಇದೆಯಲ್ಲ’ ಅಂದ.

ಅವನದು ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಮೂರೂ ಪಡೆಗಳ ಹೆಸರನ್ನು ನಾವು ಹೇಳುವುದೂ ಇದೇ ಸಾಲಿನಲ್ಲಿ. ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ, ಈ ಮೂರು ಬಣ್ಣದ ಧ್ವಜ ಬಂದದ್ದು 1954ರಲ್ಲಿ. ಧ್ವಜದ ಮೇಲೆ ತಾವರೆ ಎಷ್ಟು ಅಂತ ಕೇಳಿದೆ. ‘17’ ಅಂತ ತಟ್ಟನೆ ಹೇಳಿದ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದ. ಆದರೆ ಅವು ಎನ್‌ಸಿಸಿಯ 17 ನಿರ್ದೇಶನಾಲಯಗಳ, ಅಂದರೆ ಒಂದೊಂದು ಪ್ರದೇಶ ನೋಡಿಕೊಳ್ಳುವ ಕಚೇರಿಗಳ ಗುರುತು, ಅದರಲ್ಲಿ ಒಂದು ತಾವರೆ ನಮ್ಮದು ಅಂತ ಗೊತ್ತಿರಲಿಲ್ಲ. ಆ ಒಂದರಲ್ಲೇ ಕರ್ನಾಟಕ, ಗೋವಾ ಎರಡೂ ಸೇರಿವೆ. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಸಿಗುವ ಗೋವಾದ ಕೆಡೆಟ್ಟೂ ನಮ್ಮ ತಾವರೆಯವನೇ ಅಂದಾಗ ಹುಡುಗನ ಮುಖ ಅರಳಿತು ನೋಡಿ.

ತೋಳಿನ ಪಟ್ಟಿಯದೂ ಇದೇ ಕಥೆ. ಅದು ಕೆಡೆಟ್‌ನ ದರ್ಜೆಯ ಗುರುತು: ಒಂದು ಪಟ್ಟಿ ಲ್ಯಾನ್ಸ್ ಕಾರ್ಪೊರಲ್, ಎರಡು ಕಾರ್ಪೊರಲ್, ಮೂರು ಸಾರ್ಜೆಂಟ್. ಚೂಪು ತುದಿ ಕೆಳಗೆ ಬರಬೇಕು. ಅದನ್ನು ಮೇಲೆ ಮಾಡಿ ಹೊಲಿಸಿಕೊಂಡ ಮಕ್ಕಳನ್ನು ನಾನೇ ಕಂಡಿದ್ದೇನೆ. ಬಿಸಿಲಲ್ಲಿ ತಿಂಗಳುಗಟ್ಟಲೆ ಡ್ರಿಲ್ ಮಾಡಿ ಗಳಿಸಿದ ಪಟ್ಟಿ ಅದು, ಸುಮ್ನೆ ಅಂದಕ್ಕೆ ಹಚ್ಚುವ ಬಟ್ಟೆ ತುಂಡಲ್ಲ.

ನಮ್ಮ ಬೀಚಿನಲ್ಲಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾದವರು, ಪರಮವೀರ ಚಕ್ರ ಪಡೆದವರು. ಎನ್‌ಸಿಸಿ ಹುಟ್ಟಿದ ಅದೇ 1948ರ ಏಪ್ರಿಲ್‌ನಲ್ಲಿ, ಗಾಯಗೊಂಡರೂ ಬಿಡದೆ, ಜಮ್ಮು-ಕಾಶ್ಮೀರದ ರಜೌರಿ ದಾರಿಯಲ್ಲಿ ಹುಗಿದಿಟ್ಟ ಬಾಂಬುಗಳನ್ನು ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿದರು. ಹೊಸ ಕೆಡೆಟ್‌ಗಳನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿ, ಬಣ್ಣ, ತಾವರೆ, ‘ಏಕತೆ ಮತ್ತು ಶಿಸ್ತು’ ಎಂಬ ಧ್ಯೇಯವಾಕ್ಯ ಎಲ್ಲವನ್ನೂ ಬಿಡಿಸಿ ಹೇಳಿ, ಅಲ್ಲೇ ಬ್ಯಾಡ್ಜ್ ಕೊಟ್ಟರೆ ಎಷ್ಟು ಚೆಂದ! ಖರ್ಚೂ ಜಾಸ್ತಿ ಇಲ್ಲ. ಬ್ಯಾಡ್ಜನ್ನು ಮಕ್ಕಳೇ ಎಲ್ಲೆಲ್ಲೋ ಕೊಳ್ಳುವ ಬದಲು ಶಾಲೆಯವರೇ ನೋಡಿ ತರಿಸಲಿ.

ಪಟ್ಟಿ, ಬ್ಯಾಡ್ಜ್ ಉಲ್ಟಾ ಹೊಲಿಸಿಕೊಂಡ ಮಕ್ಕಳು ಯಾವ ಶಾಲೆಯವರಾದರೂ ನನ್ನ ಅಂಗಡಿಗೆ ಬರಲಿ. ಬಿಚ್ಚಿ ಸರಿಯಾಗಿ ಹೊಲಿದು ಕೊಡುತ್ತೇನೆ, ದುಡ್ಡು ಬೇಡ.

– ಒಬ್ಬ ಟೇಲರ್, ಕಾರವಾರ