ಲೋಟ, ನಿಂಬೆಹಣ್ಣು, ಬೆಳಗಿನ ಬೆಳಕು

ಪ್ರಿಯ ಗೆಳೆಯಾ,

"ದಿನಾ ಅದೇ ಲೋಟ, ಅದೇ ಈರುಳ್ಳಿ, ಅದೇ ನಿಂಬೆಹಣ್ಣಿನ ಚಿತ್ರ ಬರೀತೀಯ. ಬೇಜಾರು ಬರೋದಿಲ್ವೇನೋ?" ಅಂತ ಕೇಳಿದ್ದೆಯಲ್ಲ. ಇಲ್ಲ ಮಾರಾಯ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೀತಿದ್ದೀನಿ.

ಇವತ್ತಿನದನ್ನೇ ತಗೋ. ಅಡುಗೆಮನೆ ಕಿಟಕಿ ಪಕ್ಕ ಸ್ಟೀಲ್ ಲೋಟ, ಅದರ ಬುಡಕ್ಕೆ ತಾಗಿಸಿ ಒಂದು ನಿಂಬೆಹಣ್ಣು. ಸ್ಟೀಲಿಗೆ ತನ್ನದು ಅಂತ ಬಣ್ಣವೇ ಇಲ್ಲ ನೋಡು. ಕಿಟಕಿಯ ಸರಳುಗಳು ಲೋಟದ ಮೈಮೇಲೆ ಬಾಗಿದ್ದವು, ಕೆಳಗೆ ನಿಂಬೆಯ ಹಳದಿ ತೆಳ್ಳಗೆ ಉದ್ದಕ್ಕೆ ಎಳೆದುಕೊಂಡಿತ್ತು, ಅಂಚಿನಲ್ಲಿ ನನ್ನ ಅಂಗಿಯ ನೀಲಿ. ನಿಂಬೆಯ ನೆರಳಲ್ಲೂ ಕಪ್ಪಿರಲಿಲ್ಲ. ಹಣ್ಣಿಗೆ ಅಂಟಿಕೊಂಡ ಕಡೆ ಹಳದಿ ಬೆರೆತ ಕಂದು, ದೂರ ಹೋದಂತೆ ತಣ್ಣನೆಯ ನೀಲಿ. ಕಣ್ಣು ಅರ್ಧ ಮುಚ್ಚಿ ನೋಡಿದಾಗ ಲೋಟದ ಬಲ ಅಂಚು ಹಿಂದಿನ ಗೋಡೆಯೊಳಗೆ ಕರಗಿಹೋಯಿತು. ಅಲ್ಲಿ ಗೆರೆ ಎಳೆಯದೆ ಬಿಟ್ಟೆ. ಚಿತ್ರಕ್ಕೆ ಜೀವ ಬಂದದ್ದು ಆ ಬಿಟ್ಟ ಜಾಗದಲ್ಲೇ. ನಾಳೆ ಮೋಡ ಇದ್ದರೆ ಇದೇ ಲೋಟ ಪೂರ್ತಿ ಬೇರೆ.

ಇಟಲಿಯ ಬೊಲೋನ್ಯಾದ ಚಿತ್ರಕಾರ ಜಾರ್ಜೊ ಮೊರಾಂಡಿ (1890–1964) ನೆನಪಾಗ್ತಾನೆ. ಮೂವರು ಅಕ್ಕತಂಗಿಯರ ಜೊತೆ ಇದ್ದ ಮನೆ, ಮಲಗುವ ಕೋಣೆಯೇ ಅವನ ಸ್ಟುಡಿಯೊ. ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ದಶಕಗಟ್ಟಲೆ ಬರೆದ. ಅವುಗಳ ಮೇಲೆ ಕೂತ ಧೂಳನ್ನೂ ಒರೆಸುತ್ತಿರಲಿಲ್ಲ, ಹೊಳಪು ಕಣ್ಣಿಗೆ ಅಡ್ಡ ಬರಬಾರದು ಅಂತ ಕೆಲವಕ್ಕೆ ಬಣ್ಣ ಬಳಿದಿಟ್ಟಿದ್ದ. ಎರಡು ಬಾಟಲಿಗಳ ನಡುವಿನ ಸಂದು ಒಂಚೂರು ಕಿರಿದಾದರೂ ಅವನಿಗೆ ಅದು ಹೊಸ ಚಿತ್ರ. ಅವನಷ್ಟು ತಾಳ್ಮೆಯಿಂದ ಒಂದು ಮೇಜನ್ನು ನೋಡಿದವರು ವಿರಳ ಅಂತ ನಾನು ನಂಬಿದ್ದೀನಿ.

ದಿನಕ್ಕೊಂದು ಚಿತ್ರ ಅನ್ನುವ ಪದ್ಧತಿಗೆ ನಮ್ಮ ಕಾಲದಲ್ಲಿ ದಾರಿ ತೋರಿಸಿದವನು ಅಮೆರಿಕದ ವರ್ಜೀನಿಯಾದ ಚಿತ್ರಕಾರ ಡುವೇನ್ ಕೈಸರ್. 2004ರಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ ಎಣ್ಣೆಬಣ್ಣದ ಚಿತ್ರಗಳನ್ನು ದಿನಾ ಬರೆದು ಇಂಟರ್ನೆಟ್ಟಿಗೆ ಹಾಕಲು ಶುರುಮಾಡಿದ. ಆ ಗಾತ್ರದಲ್ಲೇ ಗುಟ್ಟಿರೋದು. ನೀನು ದೊಡ್ಡ ಕ್ಯಾನ್ವಾಸ್ ತಂದು ಗೋಡೆಗೆ ಒರಗಿಸಿ, ರಜೆ ಸಿಗಲಿ ಅಂತ ಕಾಯ್ತಿದ್ದೀಯ. ಕೈಯಗಲದ ಹಾಳೆಗೆ ರಜೆ ಬೇಡ, ಆಫೀಸಿಗೆ ಹೊರಡುವ ಮುಂಚಿನ ಹೊತ್ತು ಸಾಕು. ಕೆಟ್ಟರೂ ಒಂದು ಹಾಳೆ ಅಷ್ಟೇ, ನಾಳೆ ಇನ್ನೊಂದಿದೆ.

ಎಲೆ, ತರಕಾರಿಗಳು ಅವಸರ ಕಲಿಸುತ್ತವೆ. ವೀಳ್ಯದೆಲೆ ಇಟ್ಟು ನೋಡು, ನೀನು ಬರೀತಿರುವಾಗಲೇ ಅಂಚು ಸುರುಟಲು ಶುರುವಾಗುತ್ತೆ. ಬದನೆಕಾಯಿ ಒಂದೆರಡು ದಿನ ತಾಳುತ್ತೆ, ಆಮೇಲೆ ಹೊಳಪು ಮಾಸಿ ತೊಟ್ಟಿನ ಹತ್ತಿರ ಸುಕ್ಕು. ಆ ಸುಕ್ಕೂ ಚಂದವೇ.

ನೀನು ಶುರುಮಾಡು. 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯ ಜಲವರ್ಣದ ಹಾಳೆ ತಗೊಂಡು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಕೋ, ತೆಳು ಹಾಳೆ ನೀರು ಬಿದ್ದರೆ ಸುಕ್ಕಾಗುತ್ತೆ. ಮೂರು ಮೂಲಬಣ್ಣ, ಒಂದು ಕಂದು ಸಾಕು. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತೆ, ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾಗಿಯೇ ಹಚ್ಚು. ಬೆಳಕು ಒಂದೇ ಕಡೆಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿಬಿಡು. ವಸ್ತು ಹುಡುಕಲು ಅಂಗಡಿಗೆ ಹೋಗಬೇಡ. ನಿಮ್ಮಮ್ಮ ಮೆಂತ್ಯ ಹಾಕಿಡುವ ಆ ಹಿತ್ತಾಳೆ ಡಬ್ಬಿ ಇದೆಯಲ್ಲ, ಮೊದಲು ಅದನ್ನೇ ಬರಿ. ಮುಗಿದ ತಕ್ಷಣ ವಾಟ್ಸಾಪ್‌ನಲ್ಲಿ ಕಳಿಸು, ಬಣ್ಣ ಹಸಿಯಿದ್ದರೂ ಸರಿ.

ನಿನ್ನ ಗೆಳೆಯ