ಪಾಪ್ಲರ್ ಗಿಡಕ್ಕೆ ಮುಂಗಡ ಕೊಡಬೇಡಿ

ರೆಜೈನಾ, ಕೆನಡಾ
ಮೇ 18

ತೀರ್ಥರೂಪು ಅಪ್ಪನವರಿಗೆ ಮಂಜುನಾಥ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಮ್ಮನಿಗೂ ಅಜ್ಜಿಗೂ ತಿಳಿಸಿ.

ಗಿರಿಜಾಳ ಪತ್ರ ನಿನ್ನೆ ತಲುಪಿತು. ನೀಲಗಿರಿ ಬುಡ ಕೀಳಿಸಿದ ಎರಡು ಎಕರೆಗೆ ಪಾಪ್ಲರ್ ಹಾಕುವುದಾಗಿ ಯಾರೋ ಗಿಡದ ವ್ಯಾಪಾರಿಗೆ ಮಾತು ಕೊಟ್ಟಿದ್ದೀರಂತೆ. ಮುಂಗಡಕ್ಕೆ ಅಮ್ಮನ ಬಳೆ ಅಡವಿಡುವ ಯೋಚನೆಯಂತೆ. ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಹೋದ ಪತ್ರದಲ್ಲಿ ಈ ಮರವನ್ನು ಹೊಗಳಿದವನು ನಾನೇ. ಅದು ಇಲ್ಲಿಯ ಮಾತು ಅಪ್ಪ, ನಮ್ಮ ಶ್ರೀನಿವಾಸಪುರದ ಮಾತಲ್ಲ.

ಇಲ್ಲಿ ಕಣ್ಣು ಹಾಯುವಷ್ಟೂ ಬಯಲು, ಗಾಳಿಗೆ ಅಡ್ಡವೇ ಇಲ್ಲ. ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವ ದಿನಗಳಿವೆ. ರಾತ್ರಿ ಕಾರಿನ ಎಂಜಿನ್ನಿಗೂ ಕರೆಂಟು ಕೊಟ್ಟು ಬೆಚ್ಚಗಿಡುತ್ತಾರೆ! ಗಾಳಿ ತಡೆಯುವ ಗಿಡಗಳನ್ನು ಸರ್ಕಾರವೇ 1901ರಿಂದ 2013ರವರೆಗೆ ರೈತರಿಗೆ ಪುಕ್ಕಟೆ ಹಂಚಿತು. ಅದರ ನರ್ಸರಿ ಇದ್ದ ಇಂಡಿಯನ್ ಹೆಡ್ ನಮಗೆ ಹತ್ತಿರದ ಊರು. ನಾನು ಕೆಲಸ ಮಾಡುವ ತೋಟದ ಯಜಮಾನರು ಗಾಳಿ ತಡೆಯಲು ಮೊದಲು ಅಲ್ಲಿಯದೇ ವಾಕರ್ ಎಂಬ ಪಾಪ್ಲರ್ ತಳಿ ನೆಡೋಣ ಎಂದಿದ್ದರು. ಅದು ಹೆಣ್ಣು ಮರ, ಬೂರುಗದಂತೆ ಹತ್ತಿ ಹಾರಿಸುತ್ತದೆ. ಅದರ ಸಂತಾನವಾದ ಅಸಿನಿಬಾಯ್ನ್ ಗಂಡು, ಹತ್ತಿಯ ಕಾಟವಿಲ್ಲ. ಅದನ್ನೇ ಆರಿಸಿದೆವು. ಬೇರು ಚರಂಡಿ ಕೊಳವೆ ಹುಡುಕಿಕೊಂಡು ಹೋಗುತ್ತದೆಂದು ಸಾಲನ್ನು ಮನೆಯಿಂದ ದೂರ ಗುರುತು ಹಾಕಿದೆವು.

ನೆಡುವುದು ಮಾತ್ರ ನಮ್ಮ ಹಿಪ್ಪುನೇರಳೆಯಂತೆಯೇ. ಎಲೆಯಿಲ್ಲದ ಕಾಲದಲ್ಲಿ ಕೊಯ್ದಿಟ್ಟ ಗೇಣುದ್ದದ ಕಡ್ಡಿ, ಕಣ್ಣು ಮೇಲ್ಮುಖವಾಗಿ, ಒಂದು ಕಣ್ಣು ಮಾತ್ರ ಮಣ್ಣಿನ ಹೊರಗೆ. ಯಜಮಾನರು ತೋರಿಸುವ ಮೊದಲೇ ನನ್ನ ಬೆರಳು ಕಡ್ಡಿಯ ತಲೆ ಯಾವುದು ಬುಡ ಯಾವುದು ಎಂದು ತಡವಿ ತಿಳಿದುಕೊಂಡಿತು. ನೀವು ಕಲಿಸಿದ್ದು ಅಪ್ಪ. ಅವರು ಬೆರಗಾದರು.

ಆದರೆ ಈ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ಪಂಜಾಬ್, ಹರಿಯಾಣದಲ್ಲಿ ಪ್ಲೈವುಡ್ಡಿಗೆಂದು ಬೆಳೆಯುವುದು ನಿಜ. ಅಲ್ಲಿ ಚಳಿಯೂ ಇದೆ, ನೀರೂ ಇದೆ. ನಮ್ಮಲ್ಲಿ ಸಾವಿರ ಅಡಿ ಕೊರೆಸಿದ ಬೋರೇ ಬತ್ತಿದೆ. ಅಂತರ್ಜಲ ಉಳಿಯಲೆಂದು 2017ರಲ್ಲಿ ನೀಲಗಿರಿ ನೆಡುವುದನ್ನೇ ನಿಷೇಧಿಸಿದರಲ್ಲ, ಆ ಜಾಗಕ್ಕೆ ಇನ್ನೊಂದು ಬಾಯಾರಿದ ಮರ ತರುವುದೇ? ಮೂರು ವರ್ಷದಲ್ಲಿ ಮರ ಕೊಳ್ಳುತ್ತೇವೆ ಎಂದು ವ್ಯಾಪಾರಿ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ನಮ್ಮ ಜಿಲ್ಲೆಯಲ್ಲಿ ಬೆಳೆದು ನಿಂತ ಒಂದು ತೋಪು ತೋರಿಸಲಿ, ಸಾಕು.

ಮುಂಗಾರಿಗೆ ಬದುವಿಗೆ ಹೊಂಗೆ, ಹುಣಸೆ ಹಾಕಿ. ಒಳಗೆ ಹೆಬ್ಬೇವೋ ಮಾವೋ ನೀವೇ ನೋಡಿ. ಸಸಿಗೆ ಹಣ ಮೊದಲ ವಾರದಲ್ಲಿ ಕಳುಹಿಸುತ್ತೇನೆ. ನನಗೇನೂ ತೊಂದರೆಯಿಲ್ಲ, ಸಂಬಳ ಸರಿಯಾಗಿ ಬರುತ್ತಿದೆ, ಊಟ ಚೆನ್ನಾಗಿದೆ, ಕೆಮ್ಮು ಪೂರ್ತಿ ಹೋಯಿತು, ಅಮ್ಮ ಚಿಂತೆ ಮಾಡುವುದು ಬೇಡ. ಬಳೆ ಮಾತ್ರ ಅಮ್ಮನ ಕೈಯಲ್ಲೇ ಇರಲಿ. ಮುಂಗಡ ಕೊಟ್ಟಾಗಿದ್ದರೆ ಮುಚ್ಚಿಡದೆ ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ತೋಟದ ವ್ಯಾನು ಬಂತು, ಹೊರಡುತ್ತೇನೆ. ಗಿರಿಜಾಳ ಕೈಯಲ್ಲಿ ಕೂಡಲೇ ಉತ್ತರ ಬರೆಸಿ.

ಇಂತಿ ನಿಮ್ಮ ಮಗ
ಮಂಜು