ಲೀಟರ್ ನೋಡಿ ಕೆಟಲ್ ಕೊಳ್ಳಬೇಡಿ

ಮಾನ್ಯರೇ,

ಟೊಮೆಟೊ ಬೆಲೆ ಕುಸಿದು ಹಣ್ಣು ರಸ್ತೆ ಪಾಲಾದಾಗಲೆಲ್ಲ ಕೋಲಾರ ಜಿಲ್ಲೆಗೆ ಪ್ಯೂರಿ, ಕೆಚಪ್ ಘಟಕಗಳು ಬೇಕೆಂಬ ಕೂಗು ಏಳುತ್ತದೆ. ಕಿರು ಆಹಾರ ಘಟಕಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇಯಂಥ ಯೋಜನೆಯ ಸಹಾಯಧನ ನೆಚ್ಚಿ ಸಾಲಕ್ಕೆ ಹೋಗುವ ಸಂಘಗಳು ಕೊಟೇಶನ್‌ನಲ್ಲಿ ಓದುವುದು ಮಾತ್ರ ‘500 ಲೀಟರ್ ಸ್ಟೀಮ್ ಜಾಕೆಟ್ ಕೆಟಲ್’ ಎಂಬ ಒಂದೇ ಸಾಲು. ಇದು ಗೋಡೆಯ ಹೊರಪದರದೊಳಗೆ (ಜಾಕೆಟ್) ಹಬೆ ಹರಿಸಿ ಕಾಯಿಸುವ ದೊಡ್ಡ ಪಾತ್ರೆ. ಆದರೆ ದಿನಕ್ಕೆ ಎಷ್ಟು ಬ್ಯಾಚ್ ಇಳಿಯುತ್ತದೆ ಎಂಬುದು ಜಾಕೆಟ್‌ನ ವಿಸ್ತೀರ್ಣ ಮತ್ತು ಬಾಯ್ಲರ್ ಗಂಟೆಗೆ ಕೊಡುವ ಹಬೆಯ ಮೇಲೆ ನಿಂತಿದೆ.

ಲೆಕ್ಕ ಕಷ್ಟದ್ದಲ್ಲ. 500 ಕೆ.ಜಿ. ರಸವನ್ನು 25ರಿಂದ 90 ಡಿಗ್ರಿಗೆ ಏರಿಸಲು ಸುಮಾರು 1.3 ಲಕ್ಷ ಕಿಲೋಜೌಲ್ ಬೇಕು. ಒತ್ತಡದ ಗೇಜ್‌ನಲ್ಲಿ 3 ಬಾರ್ ತೋರಿಸುವ ಹಬೆ 143 ಡಿಗ್ರಿಯಲ್ಲಿರುತ್ತದೆ. ಹಬೆಗೂ ರಸಕ್ಕೂ ಇರುವ ಅಂತರ ಮೊದಲಿಗೆ 118, ಕೊನೆಗೆ 53. ಸಮಯದ ಲೆಕ್ಕಕ್ಕೆ ಬೇಕಾದ, 118:53 ಅನುಪಾತದ ನ್ಯಾಚುರಲ್ ಲಾಗ್ (ಸ್ವಾಭಾವಿಕ ಲಘುಗಣಕ) 0.8. ಅರ್ಧಗೋಳದ ತಳದ 500 ಲೀಟರ್ ಕೆಟಲ್‌ನ ಜಾಕೆಟ್ ಸುಮಾರು 2.4 ಚದರ ಮೀಟರ್. ಉಷ್ಣ ವರ್ಗಾವಣೆ ಗುಣಾಂಕ (ಶಾಖ ಗೋಡೆ ದಾಟಿ ರಸಕ್ಕೆ ಹೋಗುವ ಪ್ರಮಾಣ) ಚದರ ಮೀಟರ್‌ಗೆ, ಡಿಗ್ರಿಗೆ 500 ವ್ಯಾಟ್ ಎಂದುಕೊಂಡರೆ 22 ನಿಮಿಷ ಸಾಕು. ರಸ ಗಟ್ಟಿಯಿದ್ದು ಗುಣಾಂಕ 250ಕ್ಕೆ ಇಳಿದರೆ 44. ಆದರೆ ಪಾತ್ರೆಯ ಲೋಹ ಕಾಯುವುದು, ಶಾಖದ ಸೋರಿಕೆ ಸೇರಿ ಬೇಕಾಗುವ ಹಬೆ ಸುಮಾರು 70 ಕೆ.ಜಿ. ಗಂಟೆಗೆ 100 ಕೆ.ಜಿ. ಕೊಡುವ ಬಾಯ್ಲರ್ ಇದ್ದರೆ ಎಂಥ ಕೆಟಲ್ ತಂದರೂ 42 ನಿಮಿಷಕ್ಕಿಂತ ಬೇಗ ಆಗದು. ಗೇಜ್ ಮುಳ್ಳು ಕೆಳಗಿಳಿದು ಕೂರುತ್ತದೆ ಅಷ್ಟೆ.

ನಿಜವಾಗಿ ಹೊತ್ತು ತಿನ್ನುವುದು ಬತ್ತಿಸುವ ಹಂತ. ಮಾರಾಟಗಾರರು ಇದರ ಸುದ್ದಿಯನ್ನೇ ಎತ್ತುವುದಿಲ್ಲ. 5 ಬ್ರಿಕ್ಸ್ (ಕರಗಿದ ಸಕ್ಕರೆ ಮುಂತಾದ ಘನಾಂಶದ ಶೇಕಡಾ ಅಳತೆ) ರಸ 10ಕ್ಕೆ ಬರಲು 250 ಕೆ.ಜಿ. ನೀರು ಆವಿಯಾಗಬೇಕು: ಕಾಯಿಸುವುದಕ್ಕಿಂತ ನಾಲ್ಕು ಪಟ್ಟು ಶಾಖ. ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿರುವ ಕೋಲಾರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಂತರ ಬರೀ 46. ಗುಣಾಂಕ 500 ಉಳಿದರೂ 2 ಗಂಟೆ 50 ನಿಮಿಷ. ಅದು ಉಳಿಯುವುದೂ ಇಲ್ಲ. ರಸ ಗಟ್ಟಿಯಾದಂತೆ ಗುಣಾಂಕ ಇಳಿಯುತ್ತದೆ, ಮಟ್ಟ ತಗ್ಗಿದಂತೆ ಜಾಕೆಟ್‌ನ ಮೇಲ್ಭಾಗ ಬರಿದಾಗಿ ಅಲ್ಲಿ ಅಂಟಿದ ತಿರುಳು ಸೀಯುತ್ತದೆ. ಗೋಡೆಗೆ ತಾಗಿ ತಿರುಗುವ ಸ್ಕ್ರೇಪರ್ ಇರುವ ಆಂಕರ್ ಸ್ಟಿರರ್ (ಲಂಗರಿನಾಕಾರದ ಕಲಕುವ ಸಾಧನ) ಇಲ್ಲದಿದ್ದರೆ ಕೆಚಪ್ ಕಂದಾಗುವುದು ಖಚಿತ.

ಹೊಸ ಕೆಟಲ್ ನಿಧಾನ ಎಂಬ ದೂರು ಬಂದರೆ ಮೊದಲು ಜಾಕೆಟ್‌ನೊಳಗಿನ ಗಾಳಿ ನೋಡಿ. ಏರ್ ವೆಂಟ್ (ಗಾಳಿ ಹೊರಬಿಡುವ ಕವಾಟ) ಇಲ್ಲದ ಜಾಕೆಟ್‌ನಲ್ಲಿ ಗೇಜ್ 3 ಬಾರ್ ತೋರಿಸಿದರೂ ಹಬೆ 143 ಡಿಗ್ರಿ ಮುಟ್ಟುವುದಿಲ್ಲ, ಗಾಳಿಯ ಪದರ ಗೋಡೆಗೆ ಹೊದಿಕೆಯಾಗುತ್ತದೆ. ಎರಡನೆಯದು ಸ್ಟೀಮ್ ಟ್ರ್ಯಾಪ್ (ಹಬೆ ತಡೆದು, ತಣಿದ ನೀರನ್ನು ಮಾತ್ರ ಹೊರಬಿಡುವ ಕವಾಟ): ಹಲವು ಕೆಟಲ್‌ಗಳಿಗೆ ಒಂದೇ ಟ್ರ್ಯಾಪ್ ಹಾಕಿ ಉಳಿತಾಯ ಮಾಡಿದರೆ ಒತ್ತಡ ಕಡಿಮೆಯಿರುವ ಕೆಟಲ್‌ನ ತಳದಲ್ಲಿ ನೀರು ನಿಂತು ಅಷ್ಟು ಜಾಕೆಟ್ ದಂಡ. ಪ್ರತಿ ಕೆಟಲ್‌ಗೂ ಪ್ರತ್ಯೇಕ ಫ್ಲೋಟ್ (ತೇಲುಗುಂಡಿನ) ಟ್ರ್ಯಾಪ್ ಬೇಕು, ಜಾಕೆಟ್‌ಗೆ ಸೇಫ್ಟಿ ವಾಲ್ವ್ ಬೇಕೇ ಬೇಕು.

ಕೊಟೇಶನ್‌ನಲ್ಲಿ ಜಾಕೆಟ್ ವಿಸ್ತೀರ್ಣ, ಕೆಲಸದ ಒತ್ತಡ, ಗಂಟೆಗೆ ಬೇಕಾಗುವ ಹಬೆ ಬರೆಸಿಕೊಳ್ಳಿ. ಫ್ಯಾಬ್ರಿಕೇಟರ್ ಶೆಡ್ಡಿನಲ್ಲಿ ನೀರು ಕಾಯಿಸಿ ತೋರಿಸುವ ಟ್ರಯಲ್‌ಗೆ ಮರುಳಾಗಬೇಡಿ. ಗಟ್ಟಿ ತಿರುಳಿಗೆ ಅದರ ಎರಡು-ಮೂರು ಪಟ್ಟು ಸಮಯ ಹಿಡಿಯಬಹುದು.

– ಆಹಾರ ಸಂಸ್ಕರಣಾ ಯಂತ್ರಗಳ ತಂತ್ರಜ್ಞರು, ಕೋಲಾರ